ಲಂಡನ್ನಿನ ನೆಲದಡಿಯ ರೈಲು

ಲಂಡನ್ ನಗರದ ಪಶ್ಚಿಮ ಭಾಗದಲ್ಲಿ ಲೆನ್‌ಸ್ಟರ್ ಗಾರ್ಡನ್ಸ್ ಎಂಬ ಬೀದಿಯೊಂದುಂಟು. ಸಿರಿವಂತರ ಬೀದಿ, ಬಿಳಿಯ ಗಾರೆಯ ಎತ್ತರವಾದ ಮನೆಗಳು ಒಂದರ ಅಚ್ಚಿನಲ್ಲಿ ಮತ್ತೊಂದನ್ನು ಎರೆದಂತೆ ಸಾಲಾಗಿ ನಿಂತಿವೆ. ಅವುಗಳಲ್ಲಿ 23 ಮತ್ತು 24ನೆಯ ನಂಬರಿನ ಮನೆಗಳ ಕದವನ್ನು ಎಷ್ಟು ತಟ್ಟಿದರೂ ತೆರೆಯುವವರಿಲ್ಲ. ಕಂಬಗಳಿವೆ, ಬಾಗಿಲಿದೆ, ಕಿಟಕಿಗಳಿವೆ. ಮನೆ ಮಾತ್ರ ಇಲ್ಲ. ಕಿಟಕಿಗಳಲ್ಲಿ ಗಾಜಿನ ಬದಲು ಬಣ್ಣ ಬಳಿದಿದೆ. ಸುಮಾರು ಐದು ಅಡಿ ದಪ್ಪದ ಆ ಗೋಡೆಯ ಹಿಂದೆ ಬಾಯಿ ತೆರೆದ ಕಂದಕವಿದೆ. ಅದರ ತಳದಲ್ಲಿ ರೈಲುಗಳು ಓಡುತ್ತವೆ. 1860ರ ದಶಕದಲ್ಲಿ ಇಲ್ಲಿ ನೆಲದಡಿಯ ರೈಲುಹಾದಿಯನ್ನು ಹಾಕಿದಾಗ, ಉಗಿಯಂತ್ರಗಳು ಹೊಗೆ ಬಿಡುವುದಕ್ಕೆ ಆಕಾಶ ಕಾಣುವ ಜಾಗ ಬೇಕಾಯಿತು. ಎರಡು ಮನೆಗಳನ್ನು ಕೆಡವಿದರು. ಬೀದಿಯ ಅಂದ ಕೆಡಬಾರದೆಂದು ಅವುಗಳ ಮುಖವನ್ನು ಮಾತ್ರ ಮತ್ತೆ ಕಟ್ಟಿದರು.

ಅನುಕೂಲಸ್ಥರ ಕಣ್ಣಿಗೆ ಕಂದಕ ಬೀಳದಿರಲೆಂದು ಇಷ್ಟು ಶ್ರಮ. ಇದೇ ರೈಲಿಗಾಗಿ ಫ್ಲೀಟ್ ಕಣಿವೆಯಲ್ಲಿ ಬಡವರ ಗುಡಿಸಲು ಕೇರಿಗಳನ್ನು ಸಾಲುಸಾಲಾಗಿ ಕೆಡವಿದಾಗ ಅಲ್ಲಿ ಯಾರೂ ಇಂಥ ಮುಖವಾಡ ಕಟ್ಟಲಿಲ್ಲ. ಆದರೆ ವಿಚಿತ್ರವೆಂದರೆ, ಈ ರೈಲಿನ ಕನಸು ಮೊದಲು ಹುಟ್ಟಿದ್ದು ಬಡವರಿಗಾಗಿಯೇ. ಆ ಕನಸಿನ ಗತಿಯೇನಾಯಿತೆಂಬುದನ್ನು, ದಾರಿಯಲ್ಲಿ ಸಿಕ್ಕುವ ಕೆಲವು ಸೋಜಿಗಗಳೊಡನೆ, ಶ್ರೋತೃಗಳ ಮುಂದಿಡಬೇಕೆಂಬುದು ನಮ್ಮ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ದೇಶದ ನಾನಾ ಕಡೆಗಳಿಂದ ಬರುತ್ತಿದ್ದ ರೈಲುಗಳು ಲಂಡನ್ನಿನ ಅಂಚಿನಲ್ಲಿಯೇ ನಿಲ್ಲುತ್ತಿದ್ದವು. ಅಲ್ಲಿಂದ ಒಳಗೆ ಹೋಗಬೇಕಾದರೆ ಕುದುರೆಗಾಡಿಗಳೂ ಸಾಮಾನಿನ ಬಂಡಿಗಳೂ ಕಿಕ್ಕಿರಿದ ಬೀದಿಗಳೇ ಗತಿ. ದಿನಗೂಲಿಯವನಿಗೆ ಗಾಡಿಯ ಬಾಡಿಗೆ ಎಟುಕದು; ಆದುದರಿಂದ ಕೆಲಸಕ್ಕೆ ನಡೆದುಹೋಗುವಷ್ಟು ಹತ್ತಿರದಲ್ಲಿ, ಗಾಳಿ ಬೆಳಕಿಲ್ಲದ ಓಣಿಗಳಲ್ಲಿ, ಅವನು ಸಂಸಾರ ಹೂಡಬೇಕಾಗಿತ್ತು. ನಗರಸಭೆಯ ನ್ಯಾಯವಾದಿಯಾಗಿದ್ದ ಚಾರ್ಲ್ಸ್ ಪಿಯರ್‌ಸನ್ ಎಂಬಾತನು ಇದಕ್ಕೆ ಪರಿಹಾರವನ್ನು ಯೋಚಿಸಿದನು. ಬೀದಿಯ ಕೆಳಗೆ ರೈಲು ಓಡಲಿ, ದರ ಅಗ್ಗವಾಗಿರಲಿ. ಕೂಲಿಗಾರನು ಊರ ಹೊರಗೆ ಹಿತ್ತಿಲುಳ್ಳ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಬಂದುಹೋಗಲಿ ಎಂಬುದು ಅವನ ವಾದ. 1845ರಿಂದ ಇದನ್ನೇ ಹೇಳುತ್ತ ಬಂದನು. ಜನ ನಕ್ಕರು. 1854ರಲ್ಲಿ ಪಾರ್ಲಿಮೆಂಟು ಅಪ್ಪಣೆ ಕೊಟ್ಟಿತಾದರೂ ಹಣ ಹುಟ್ಟಲಿಲ್ಲ. ಕೊನೆಗೆ ನಗರಸಭೆಯಿಂದಲೇ 2 ಲಕ್ಷ ಪೌಂಡುಗಳನ್ನು ತೊಡಗಿಸುವಂತೆ ಮಾಡಿದವನೂ ಪಿಯರ್‌ಸನ್ನನೇ. ಆತನು 1862ರ ಸೆಪ್ಟೆಂಬರಿನಲ್ಲಿ ತೀರಿಕೊಂಡನು. ರೈಲು ಓಡಿದ್ದು 1863ರ ಜನವರಿ 10ರಂದು. ನಾಲ್ಕು ತಿಂಗಳ ಅಂತರದಲ್ಲಿ ಆ ನೋಟ ಅವನ ಕೈತಪ್ಪಿತು.

ಆ ಮೊದಲ ಹಾದಿ ಸುರಂಗವೆಂದು ಹೇಳುವಷ್ಟು ಆಳದ್ದಲ್ಲ. ಬೀದಿಯನ್ನು ಅಗೆದು, ಹಳಿ ಹಾಕಿ, ಇಟ್ಟಿಗೆಯ ಕಮಾನು ಕಟ್ಟಿ, ಮತ್ತೆ ಮೇಲೆ ಬೀದಿ ಹಾಸುವುದು. ನಮ್ಮ ಕಡೆ ಮೋರಿಗೆ ಮುಚ್ಚಳ ಹಾಕುವ ಕ್ರಮವೇ, ದೊಡ್ಡ ಪ್ರಮಾಣದಲ್ಲಿ. 1862ರ ಜೂನಿನಲ್ಲಿ ಫ್ಲೀಟ್ ಎಂಬ ಹಳೆಯ ತೊರೆ, ಆ ಹೊತ್ತಿಗೆ ಬರಿಯ ಕೊಳಚೆ ಕಾಲುವೆಯಾಗಿದ್ದುದು, ಗೋಡೆ ಒಡೆದು ಕಾಮಗಾರಿಗೆ ನುಗ್ಗಿತು. ಆದರೂ ಪ್ಯಾಡಿಂಗ್‌ಟನ್ನಿನಿಂದ ಫ್ಯಾರಿಂಗ್‌ಡನ್ ಬೀದಿಯವರೆಗೆ ನಾಲ್ಕು ಮೈಲಿಗೆ ತುಸು ಕಡಮೆಯಾದ ದಾರಿ ಮುಗಿಯಿತು. ಮೊದಲ ದಿನವೇ ಸುಮಾರು 38 ಸಾವಿರ ಜನ ಹತ್ತಿ ಇಳಿದರು. ಪ್ರಧಾನಮಂತ್ರಿ ಲಾರ್ಡ್ ಪಾಮರ್‌ಸ್ಟನ್ನನಿಗೆ ಆಗ ಎಪ್ಪತ್ತೆಂಟು ವರ್ಷ. ಆರಂಭದ ಔತಣಕ್ಕೆ ಕರೆದರೆ, ಈ ವಯಸ್ಸಿನಲ್ಲಿ ಆದಷ್ಟು ಕಾಲ ನೆಲದ ಮೇಲೆಯೇ ಇರಬೇಕೆಂದಿದ್ದೇನೆ ಎಂದು ತಪ್ಪಿಸಿಕೊಂಡನಂತೆ. ಮಾತು ಅವನದೋ ಅಲ್ಲವೋ, ಅವನ ಬಾಯಿಗೆ ಒಪ್ಪುವಂತಿದೆ.

ಗಾಡಿಯನ್ನು ಎಳೆಯುತ್ತಿದ್ದುದು ಉಗಿಯಂತ್ರ. ಸುರಂಗದಲ್ಲಿ ಉಗಿಯಂತ್ರವೆಂದರೆ ಕದ ಮುಚ್ಚಿದ ಅಡಿಗೆಮನೆಯಲ್ಲಿ ಹಸಿ ಸೌದೆಯ ಒಲೆ ಉರಿಸಿದಂತೆ. ಇಂಜಿನಿಯರ್ ಜಾನ್ ಫೌಲರನು ಇದನ್ನು ಮೊದಲೇ ಊಹಿಸಿ, ಕಾಯಿಸಿದ ಇಟ್ಟಿಗೆಗಳ ಶಾಖದಿಂದ ಉಗಿ ಹುಟ್ಟಿಸುವ ಹೊಗೆಯಿಲ್ಲದ ಯಂತ್ರವೊಂದನ್ನು 1861ರಲ್ಲಿ ಮಾಡಿಸಿ ನೋಡಿದನು. ಅದು ಕೈಕೊಟ್ಟಿತು. ‘ಫೌಲರನ ದೆವ್ವ’ ಎಂಬ ಹೆಸರು ಮಾತ್ರ ಉಳಿಯಿತು. ಮುಂದೆ ನಾಲ್ವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರಯಾಣಿಕರು ಗಂಧಕದ ಹೊಗೆಯನ್ನು ಕುಡಿದರು. ಉಸಿರು ಕಟ್ಟಿ ಮೇಲೆ ಬಂದವರಿಗಾಗಿ ನಿಲ್ದಾಣದ ಬಳಿಯ ಔಷಧಿ ಅಂಗಡಿಯಲ್ಲಿ ಪ್ರತ್ಯೇಕವಾದ ಕಷಾಯವೊಂದನ್ನೇ ಸಿದ್ಧವಾಗಿಟ್ಟಿದ್ದರೆಂದು 1897ರ ಸರ್ಕಾರಿ ವಿಚಾರಣೆಯಲ್ಲಿ ಹೊರಬಿತ್ತು. ನಡುನಗರದ ವರ್ತುಲ ಹಾದಿಗೆ ವಿದ್ಯುತ್ತು ಬಂದದ್ದು 1905ರಲ್ಲಿ.

ಪಿಯರ್‌ಸನ್ನನ ಕೂಲಿಗಾರರು ಏನಾದರು? 1864ರ ಮೇ ತಿಂಗಳಿನಿಂದ ಬೆಳಗಿನ ಐದೂವರೆಯ ಹೊತ್ತಿಗೆ ಅವರಿಗಾಗಿ ರೈಲು ಹೊರಟಿತು. ಹೋಗಿ ಬರುವುದಕ್ಕೆ ಮೂರು ಪೆನ್ನಿ. ಅದೂ ಒಂದು ದಾರಿಯೇ ಸರಿ. ಆದರೆ ಊರ ಹೊರಗಿನ ಹಿತ್ತಿಲ ಮನೆಗಳಿಗೆ ಹೆಚ್ಚಾಗಿ ಹೋದವರು ಗುಮಾಸ್ತರೂ ವ್ಯಾಪಾರಿಗಳೂ.

ನಿಜವಾದ ಆಳದ ಸುರಂಗಗಳ ಕಥೆ ಒಂದು ಹುಳದಿಂದ ಮೊದಲಾಗುತ್ತದೆ. ಹಡಗಿನ ಮರವನ್ನು ಕೊರೆಯುವ ಹುಳವೊಂದುಂಟು. ಅದು ತಲೆಯ ಮೇಲಿನ ಚಿಪ್ಪಿನಿಂದ ಮರವನ್ನು ತರಿಯುತ್ತ, ಹಿಂದೆ ಬಿಲದ ಒಳಮೈಗೆ ಸುಣ್ಣದಂಥ ಗಟ್ಟಿ ಲೇಪ ಕೊಡುತ್ತ ಹೋಗುತ್ತದೆ. ಮಾರ್ಕ್ ಬ್ರೂನೆಲ್ ಎಂಬ ಶಿಲ್ಪಿಯು ಇದರಿಂದ ಪಾಠ ಕಲಿತು, ಮೂವತ್ತಾರು ಗೂಡುಗಳುಳ್ಳ ಕಬ್ಬಿಣದ ಗುರಾಣಿಯನ್ನು ಮಾಡಿಸಿದನು. ಗೂಡಿಗೊಬ್ಬನಂತೆ ಆಳುಗಳು ನಿಂತು ಮುಂದಿನ ಮಣ್ಣನ್ನು ಅಗೆಯುವುದು, ಗುರಾಣಿಯನ್ನು ಮುಂದಕ್ಕೆ ನೂಕುವುದು, ಹಿಂದೆ ಇಟ್ಟಿಗೆ ಕಟ್ಟುವುದು. ಹೀಗೆ 1825ರಲ್ಲಿ ಹಿಡಿದ ಥೇಮ್ಸ್ ನದಿಯ ಸುರಂಗ, ನದಿ ಹಲವು ಸಲ ಒಳನುಗ್ಗಿ ಆಳುಗಳ ಪ್ರಾಣ ತೆಗೆದ ಮೇಲೆ, 1843ರಲ್ಲಿ ಮುಗಿಯಿತು. ನಡೆದುಹೋಗುವವರಿಗೆಂದು ಕಟ್ಟಿದ ಅದರಲ್ಲಿ 1869ರಿಂದ ರೈಲು ಓಡುತ್ತಿದೆ. ಜೇಮ್ಸ್ ಗ್ರೇಟ್‌ಹೆಡ್ಡನು ಈ ಗುರಾಣಿಯನ್ನು ದುಂಡಗೆ ತಿದ್ದಿ, ಇಟ್ಟಿಗೆಗೆ ಬದಲು ಎರಕದ ಕಬ್ಬಿಣದ ಬಳೆಗಳನ್ನು ಜೋಡಿಸಿದನು. 1890ರಲ್ಲಿ ತೆರೆದ ಹಾದಿ ಆ ಬಗೆಯದು. ಆಳದ ಕೊಳವೆಯಲ್ಲಿ ವಿದ್ಯುತ್ತಿನಿಂದ ಓಡಿದ ಮೊದಲ ರೈಲು. ಸುರಂಗದಲ್ಲಿ ನೋಡುವುದಕ್ಕೇನಿದೆಯೆಂದು ಅದರ ಗಾಡಿಗಳಿಗೆ ಸೂರಿನ ಬಳಿ ಸಣ್ಣ ಸಂದುಗಳನ್ನು ಬಿಟ್ಟು ಬೇರೆ ಕಿಟಕಿಗಳನ್ನೇ ಇಡಲಿಲ್ಲ. ನಿಲ್ದಾಣದ ಹೆಸರನ್ನು ಸೇವಕನು ಕೂಗಿ ಹೇಳಬೇಕು.

ಬೆಂಗಳೂರಿನವರಿಗೆ ಈ ಹುಳ ತೀರ ಹೊರಗಿನದಲ್ಲ. 2016ರ ಏಪ್ರಿಲಿನಲ್ಲಿ ಕಬ್ಬನ್ ಉದ್ಯಾನದ ಕಡೆಯಿಂದ ಮೆಜೆಸ್ಟಿಕ್ಕಿನ ಮೂಲಕ ಮಾಗಡಿ ರಸ್ತೆಯವರೆಗೆ ನಮ್ಮ ಮೆಟ್ರೊ ನೆಲದಡಿಯಲ್ಲಿ ಓಡಿತಷ್ಟೆ; ಅಲ್ಲಿ ಬಂಡೆಯನ್ನು ಕೊರೆದ, ಹೆಲೆನ್ ಮಾರ್ಗರೀಟಾ ಎಂಬ ಹೆಸರನ್ನು ಹೊತ್ತ ಯಂತ್ರಗಳು ಬ್ರೂನೆಲನ ಗುರಾಣಿಯ ವಂಶದವೇ. ಲಂಡನ್ನಿನವರಿಗಾದರೋ ಬಂಡೆಯ ಕಾಟವಿರಲಿಲ್ಲ. ನಗರದ ಉತ್ತರ ಭಾಗದ ಕೆಳಗೆ ನೀಲಿಯ ಜೇಡಿಮಣ್ಣು ಹದವಾಗಿ ಹಬ್ಬಿದೆ. ನದಿಯ ದಕ್ಷಿಣಕ್ಕೆ ನೆಲ ಅಷ್ಟು ಅನುಕೂಲವಲ್ಲ. ಅಲ್ಲಿ ಮೇಲಿನ ರೈಲುಗಳೂ ಮೊದಲೇ ಬೇರೂರಿದ್ದವು. ಇಂದಿಗೂ ದಕ್ಷಿಣದವರ ಪಾಲಿಗೆ ಬಂದಿರುವ ನೆಲದಡಿಯ ನಿಲ್ದಾಣಗಳು ಕೆಲವೇ. ಆ ಜೇಡಿಯದು ಇನ್ನೊಂದು ಗುಣ: ಶಾಖವನ್ನು ಹೀರಿ ಇಟ್ಟುಕೊಳ್ಳುವುದು. ಮೊದಲು ಅಗೆದಾಗ ಸುಮಾರು 14 ಡಿಗ್ರಿಯಷ್ಟು ತಣ್ಣಗಿದ್ದು, ಬೇಸಗೆಯಲ್ಲಿ ತಂಪಿಗಾಗಿ ಕೆಳಗೆ ಬನ್ನಿರೆಂದು ಕಂಪೆನಿಯವರು ಜಾಹೀರಾತು ಹಾಕುವಂತಿತ್ತು. ನೂರು ವರ್ಷ ರೈಲಿನ ಬಿಸಿಯನ್ನು ಕುಡಿದು ಈಗ ಅದೇ ಮಣ್ಣು ಪ್ರಯಾಣಿಕರನ್ನು ಬೇಯಿಸುತ್ತಿದೆ.

ಇನ್ನು ನಕ್ಷೆಯ ಮಾತು. 1931ರಲ್ಲಿ ಹ್ಯಾರಿ ಬೆಕ್ ಎಂಬ ನಕ್ಷೆಗಾರನು, ನೆಲದಡಿಯಲ್ಲಿರುವವನಿಗೆ ಮೇಲಿನ ಊರಿನ ಅಂಕುಡೊಂಕುಗಳಿಂದ ಏನಾಗಬೇಕೆಂದು ಕೇಳಿಕೊಂಡು, ಹಾದಿಗಳನ್ನೆಲ್ಲ ನೆಟ್ಟಗೆ ಎಳೆದು, ದೂರಗಳನ್ನು ಸರಿಸಮ ಮಾಡಿ, ವಿದ್ಯುತ್ತಂತಿಗಳ ಚಿತ್ರದಂತೆ ಬರೆದನು. ಮೇಲಿನ ಲೋಕದ ಗುರುತಾಗಿ ಥೇಮ್ಸ್ ನದಿಯೊಂದೇ ಉಳಿಯಿತು. ಅಧಿಕಾರಿಗಳು ಮೊದಲು ಬೇಡವೆಂದರು. 1933ರಲ್ಲಿ ಅಚ್ಚಾದೊಡನೆ ಜನ ಮುಗಿಬಿದ್ದು ಕೊಂಡೊಯ್ದರು. ಕೋವೆಂಟ್ ಗಾರ್ಡನ್ನಿನಿಂದ ಲೆಸ್ಟರ್ ಸ್ಕ್ವೇರಿಗೆ ಬರಿಯ 260 ಮೀಟರು. ನಕ್ಷೆಯನ್ನು ನಂಬಿದ ಪರಸ್ಥಳದವರು ಅಷ್ಟಕ್ಕೂ ಟಿಕೆಟ್ಟು ಕೊಳ್ಳುತ್ತಾರೆ. ಬೆಕ್ಕನಿಗೆ ದೊರೆತದ್ದು ಕೆಲವು ಗಿನಿಗಳು. 1960ರಲ್ಲಿ ನಕ್ಷೆಯಿಂದ ಅವನ ಹೆಸರನ್ನೇ ತೆಗೆದರು. ಅವನು 1974ರಲ್ಲಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಅದು ಮರಳಿತು. ‘ನೆಲದಡಿಯ ರೈಲು’ ಎಂಬ ಹೆಸರೂ ಆ ನಕ್ಷೆಯಂತೆಯೇ: ಸುಮಾರು 400 ಕಿಲೋಮೀಟರಿನ ಹಾದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ನೆಲದ ಮೇಲೆ.

ಇಷ್ಟೂ ವಿನೋದದ ಮಾತಾಯಿತು. 1940ರ ಸೆಪ್ಟೆಂಬರ್ 7ರಂದು ಜರ್ಮನರ ಬಾಂಬುಗಳು ಲಂಡನ್ನಿನ ಮೇಲೆ ಬೀಳತೊಡಗಿದುವು. ಹೆಚ್ಚಿನ ಪೆಟ್ಟು ಬಿದ್ದುದು ಬಂದರಿನ ಸುತ್ತಣ ಬಡವರ ಕೇರಿಗಳಿಗೆ. ಸುರಂಗಗಳಲ್ಲಿ ಆಶ್ರಯ ಕೊಡಬಾರದೆಂದು ಸರ್ಕಾರ ಮೊದಲೇ ಗೊತ್ತುಮಾಡಿತ್ತು. ಒಮ್ಮೆ ಆಳಕ್ಕಿಳಿದ ಜನ ಮತ್ತೆ ಮೇಲೆ ಬಂದು ದುಡಿಯರು ಎಂಬ ಶಂಕೆ! ಜನ ವಾದಕ್ಕೆ ನಿಲ್ಲಲಿಲ್ಲ. ಕಡಮೆ ದರದ ಟಿಕೆಟ್ಟೊಂದನ್ನು ಕೊಂಡು, ಹಾಸಿಗೆ ಸುತ್ತಿಕೊಂಡು, ಮಕ್ಕಳನ್ನೆತ್ತಿಕೊಂಡು ಕೆಳಗಿಳಿದರು, ಬೆಳಗಾಗುವವರೆಗೆ ಏಳಲಿಲ್ಲ. ಟಿಕೆಟ್ಟು ಪಡೆದವನನ್ನು ಹೊರಗಟ್ಟುವುದು ಹೇಗೆ? ಸರ್ಕಾರ ಸೋತಿತು. ಆ ತಿಂಗಳ 27ರ ರಾತ್ರಿ ಎಣಿಸಿದಾಗ 1 ಲಕ್ಷ 77 ಸಾವಿರ ಜನ ಅಲ್ಲಿ ಮಲಗಿದ್ದರು. ಪ್ಲಾಟ್‌ಫಾರಮ್ಮಿನ ಅಂಚಿನಿಂದ ಎಂಟಡಿಗೊಂದು, ನಾಲ್ಕಡಿಗೊಂದು ಬಿಳಿಯ ಗೆರೆ ಎಳೆದರು: ಸಂಜೆ ಏಳೂವರೆಯವರೆಗೆ ಮೊದಲನೆಯದರ ಹಿಂದೆ, ಆಮೇಲೆ ಎರಡನೆಯದರ ಹಿಂದೆ. ಬರುಬರುತ್ತ ಮಂಚಗಳು ಬಂದುವು, ಚಹ ಹೊತ್ತ ರೈಲುಗಳು ಬಂದುವು. ಪಿಯರ್‌ಸನ್ನನು ಯಾರಿಗಾಗಿ ವಾದಿಸಿದನೋ ಅವರು ಕೊನೆಗೆ ಅಪ್ಪಣೆಯಿಲ್ಲದೆ ರೈಲನ್ನು ತಮ್ಮದಾಗಿ ಮಾಡಿಕೊಂಡರೆಂದು ನಾವು ಎಣಿಸುತ್ತೇವೆ.

ಆಳವೆಲ್ಲ ಕ್ಷೇಮವಾಗಿರಲಿಲ್ಲ. 1940ರ ಅಕ್ಟೋಬರಿನಲ್ಲಿ ಬ್ಯಾಲಮ್ಮಿನಲ್ಲಿ ಬಾಂಬಿಗೆ ಬೀದಿ ಕುಸಿದು, ಒಡೆದ ನೀರಿನ ಕೊಳಾಯಿಗಳು ನಿಲ್ದಾಣವನ್ನು ತುಂಬಿ, ಅರವತ್ತಕ್ಕೂ ಹೆಚ್ಚು ಜನ ಸತ್ತರು. ಅದಕ್ಕಿಂತ ದಾರುಣವಾದದ್ದು ಬಾಂಬೇ ಬೀಳದೆ ನಡೆಯಿತು. ಬೆತ್‌ನಲ್ ಗ್ರೀನಿನ ನಿಲ್ದಾಣ ಇನ್ನೂ ರೈಲು ಕಂಡಿರಲಿಲ್ಲ. ಆಶ್ರಯವಾಗಿ ಮಾತ್ರ ಉಪಯೋಗದಲ್ಲಿತ್ತು. ಒಂದೇ ಬಾಗಿಲು, ಹತ್ತೊಂಬತ್ತು ಮೆಟ್ಟಿಲು, ಮಂಕಾದೊಂದು ದೀಪ, ನಡುವೆ ಹಿಡಿಗಂಬಿಯಿಲ್ಲ. ಬಾಗಿಲನ್ನು ಭದ್ರಪಡಿಸಲು ಸ್ಥಳೀಯ ಸಭೆ 1941ರಲ್ಲಿಯೇ ಬೇಡಿತ್ತು, ಮೇಲಿನವರು ಒಪ್ಪಲಿಲ್ಲ. 1943ರ ಮಾರ್ಚ್ 3ರ ರಾತ್ರಿ ಹತ್ತಿರದ ಉದ್ಯಾನದಿಂದ ಹೊಸ ಬಗೆಯ ವಿಮಾನವಿರೋಧಿ ರಾಕೆಟ್ಟುಗಳು ಸಿಡಿದವು. ಕೇಳರಿಯದ ಆ ಸದ್ದಿಗೆ ಬೆದರಿ ಜನ ಮೆಟ್ಟಿಲಿಗೆ ನುಗ್ಗಿದರು. ಕೆಳಗೆ ಮಗುವನ್ನೆತ್ತಿಕೊಂಡಿದ್ದ ಹೆಂಗಸೊಬ್ಬಳು ಎಡವಿದಳು. ಕೆಲವು ನಿಮಿಷಗಳಲ್ಲಿ 173 ಜನ ಉಸಿರು ಕಟ್ಟಿ ಸತ್ತರು. ಅವರಲ್ಲಿ 62 ಮಕ್ಕಳು. ವಿಚಾರಣೆಯ ವರದಿಯನ್ನು ಸರ್ಕಾರ 1945ರವರೆಗೆ ಹೊರಗೆ ಬಿಡಲಿಲ್ಲ. ಅದೇ ಮೆಟ್ಟಿಲಿನ ಬಳಿ ಸ್ಮಾರಕ ನಿಂತದ್ದು 2017ರಲ್ಲಿ.

ಅಲ್ಲಿ ಮಲಗಿದವರನ್ನು ಕಾಡಿದ ಸೊಳ್ಳೆಯೂ ಶಾಸ್ತ್ರಜ್ಞರ ಗ್ರಂಥಗಳನ್ನು ಸೇರಿತು. ಅದು ಈ ಸುರಂಗಗಳಲ್ಲಿಯೇ ಹುಟ್ಟಿದ ಹೊಸ ಜಾತಿಯೆಂದು ಬಹುಕಾಲ ಬರೆದರು. ಈಚಿನ ಸಂಶೋಧನೆಯ ಪ್ರಕಾರ ಅದರ ತವರು ಮೆಡಿಟರೇನಿಯನ್ ಸೀಮೆ, ವಯಸ್ಸು ಸಾವಿರ ವರ್ಷಕ್ಕೂ ಮೇಲು.

ಧ್ವನಿಯನ್ನೇ ನಂಬಿರುವ ನಾವು ಒಂದು ಧ್ವನಿಯ ಸಂಗತಿಯನ್ನು ಹೇಳದೆ ಬಿಡಲಾರೆವು. ಪ್ಲಾಟ್‌ಫಾರಮ್ಮು ಬಾಗಿರುವ ಕಡೆ ಗಾಡಿಗೂ ಅಂಚಿಗೂ ನಡುವೆ ಸಂದು ಉಳಿಯುತ್ತದೆ. ‘ಸಂದನ್ನು ನೋಡಿಕೊಳ್ಳಿ’ ಎಂದು ಯಂತ್ರವೊಂದು ಎಚ್ಚರಿಸುತ್ತದೆ. ಎಂಬ್ಯಾಂಕ್‌ಮೆಂಟ್ ನಿಲ್ದಾಣದಲ್ಲಿ ಹೀಗೆ ಹೇಳುತ್ತಿದ್ದುದು ಆಸ್ವಾಲ್ಡ್ ಲಾರೆನ್ಸ್ ಎಂಬ ನಟನ ಕಂಠ. ಅವರು 2007ರಲ್ಲಿ ತೀರಿಕೊಂಡರು. ಅವರ ಪತ್ನಿ ಆ ನಿಲ್ದಾಣಕ್ಕೆ ಬಂದಾಗಲೆಲ್ಲ ಒಂದು ರೈಲನ್ನು ಬಿಟ್ಟು ಕುಳಿತು, ಗಂಡನ ಮೂರು ಮಾತನ್ನು ಕೇಳಿ ಮುಂದಿನದಕ್ಕೆ ಹತ್ತುತ್ತಿದ್ದರು. 2012ರಲ್ಲಿ ಹೊಸ ಯಂತ್ರ ಬಂದು ಆ ಧ್ವನಿ ನಿಂತುಹೋಯಿತು. ಆಕೆ ವಿಚಾರಿಸಿದರು. ನೌಕರರು ಹಳೆಯ ಮುದ್ರಿಕೆಯನ್ನು ಹುಡುಕಿ ತೆಗೆದು ಅವರಿಗೊಂದು ಪ್ರತಿ ಕೊಟ್ಟರು. 2013ರಲ್ಲಿ, ಆ ಒಂದು ಪ್ಲಾಟ್‌ಫಾರಮ್ಮಿನಲ್ಲಿ ಮಾತ್ರ, ಅದನ್ನು ಮತ್ತೆ ಹಚ್ಚಿದರು.