ಕಾವಲುಗಾರನಿದ್ದೂ ಕಳುವಾದ ಮನೆ

ಕಳೆದ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ, ಡೊಂಬಿವಲಿಯ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿರುವ ರಾಯರು ಮೊಮ್ಮಗನನ್ನು ಕಳಿಸಿ ನಮ್ಮನ್ನು ಕರೆಸಿಕೊಂಡರು. ರಾಯರು ಧಾರವಾಡದ ಕಡೆಯವರು. ನಿವೃತ್ತರಾದ ಮೇಲೆ ಆರು ವರ್ಷಗಳಿಂದ ತಮ್ಮ ಹಳ್ಳಿಯ ಕಥೆಯನ್ನು, ಕೆರೆ, ಜಾತ್ರೆ, ಮನೆತನಗಳ ವಂಶಾವಳಿ ಸಮೇತ, ‘ಬರಹ’ ತಂತ್ರಾಂಶದಲ್ಲಿ ಒಂದೇ ಬೆರಳಿನಿಂದ ಟೈಪು ಮಾಡುತ್ತ ಬಂದವರು. ಆ ದಿನ ಅವರ ಕಂಪ್ಯೂಟರಿನಲ್ಲಿ ಒಂದು ಫೈಲೂ ತೆರೆಯುತ್ತಿರಲಿಲ್ಲ. ಪ್ರತಿಯೊಂದು ಫೈಲಿನ ಹೆಸರಿಗೂ ಅರ್ಥವಿಲ್ಲದ ನಾಲ್ಕಕ್ಷರಗಳ ಬಾಲವೊಂದು ಅಂಟಿಕೊಂಡಿತ್ತು. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಚೀಟಿ: ಇಷ್ಟು ಡಾಲರು ತೆತ್ತರೆ ಬೀಗ ತೆಗೆಯುತ್ತೇವೆ ಎಂದು. ಪರದೆಯ ಮೂಲೆಯಲ್ಲಿ ಆಂಟಿವೈರಸ್ಸಿನ ಹಸಿರು ಗುರುತು ಎಂದಿನಂತೆಯೇ ಇತ್ತು. ಅದರ ಚಂದಾ ಮುಗಿಯಲು ಇನ್ನೂ ಏಳು ತಿಂಗಳಿತ್ತು.

“ಅಲ್ರೀ, ರೊಕ್ಕಾ ಕೊಟ್ಟು ಕಾವಲುಗಾರನ್ನ ಇಟ್ಟಿದ್ವಿ. ಅಂವೇನು ಮಲಗಿದ್ನ?” ಎಂದರು ರಾಯರು.

ಆ ಪ್ರಶ್ನೆಗೆ ಅಲ್ಲೇ ಉತ್ತರ ಹೇಳಲು ನಮಗಾಗಲಿಲ್ಲ. ಕಚೇರಿಯಲ್ಲಿ ಕಡತಕ್ಕೆ ಟಿಪ್ಪಣಿ ಬರೆಯುವ ಮುನ್ನ ಹಳೆಯ ಕಾಗದಗಳನ್ನೆಲ್ಲ ತಿರುವಿಹಾಕುವುದು ನಮ್ಮ ಅಭ್ಯಾಸ. ಇಲ್ಲಿಯೂ ಹಾಗೆಯೇ ಮಾಡಿದೆವು.

ಈ ಕಥೆ 1971ರಷ್ಟು ಹಳೆಯದು. ಆಗ ಅಮೆರಿಕದಲ್ಲಿ ಅರ್ಪಾನೆಟ್ ಎಂಬ ಕಂಪ್ಯೂಟರ್ ಜಾಲದ ಮೇಲೆ ಬಾಬ್ ಥಾಮಸ್ ಎಂಬವರು ‘ಕ್ರೀಪರ್’ ಎಂಬ ಪ್ರೋಗ್ರಾಮನ್ನು ಪ್ರಯೋಗಕ್ಕಾಗಿ ಬಿಟ್ಟರು. ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ ತೆವಳುತ್ತಿತ್ತು. ಅದನ್ನು ಹುಡುಕಿ ಅಳಿಸಲು ‘ರೀಪರ್’ ಎಂಬ ಇನ್ನೊಂದು ಹುಟ್ಟಿತು. ಕಾವಲುಗಾರನ ಮೂಲಪುರುಷ ಇವನೇ. ಕಳ್ಳ ಮೊದಲು ಬಂದ, ಕಾವಲುಗಾರ ಆಮೇಲೆ ಬಂದ ಎಂಬುದನ್ನು ಓದುಗರು ಗಮನಿಸಬೇಕು. ಇಂದಿಗೂ ಆ ಕ್ರಮ ಬದಲಾಗಿಲ್ಲ.

ಸಾಮಾನ್ಯರ ಕಂಪ್ಯೂಟರಿಗೆ ಈ ಪೀಡೆ ತಗುಲಿದ್ದು ಫ್ಲಾಪಿಯ ಮೂಲಕ. 1982ರಲ್ಲಿ ಹದಿನೈದು ವರ್ಷದ ರಿಚ್ ಸ್ಕ್ರೆಂಟಾ ಎಂಬ ಹುಡುಗ ಗೆಳೆಯರನ್ನು ಕಾಡಿಸಲೆಂದು ‘ಎಲ್ಕ್ ಕ್ಲೋನರ್’ ಬರೆದ. 1986ರಲ್ಲಿ ನಮ್ಮ ನೆರೆಯ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಎಂಬ ಸೋದರರ ‘ಬ್ರೇನ್’ ಬಂತು. ತಾವು ತಯಾರಿಸಿದ ವೈದ್ಯಕೀಯ ತಂತ್ರಾಂಶವನ್ನು ಜನ ಕದ್ದು ನಕಲು ಮಾಡುತ್ತಾರೆಂದು ಅವರು ಹೂಡಿದ ಉಪಾಯ ಅದು. ತಮಾಷೆಯೆಂದರೆ, ಅದರೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಟೆಲಿಫೋನ್ ನಂಬರು ಎಲ್ಲವನ್ನೂ ಬರೆದಿಟ್ಟಿದ್ದರು! ಫ್ಲಾಪಿ ಕೈಯಿಂದ ಕೈಗೆ ಹೋಗಿ ಅಮೆರಿಕದ ವಿಶ್ವವಿದ್ಯಾಲಯಗಳವರೆಗೂ ಅದು ತಲುಪಿತು. ಇಂದಿನ ಕಳ್ಳರಿಗೆ ಅಷ್ಟು ಸೌಜನ್ಯವಿಲ್ಲ.

ನಮ್ಮನ್ನು ಬಹುವಾಗಿ ಹಿಡಿದು ನಿಲ್ಲಿಸಿದ್ದು ಮಾತ್ರ ಈ ಎರಡರ ನಡುವಿನ ಒಂದು ಸಂಗತಿ. 1983ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫ್ರೆಡ್ ಕೋಹೆನ್ ಎಂಬ ವಿದ್ಯಾರ್ಥಿ, ಅಧಿಕಾರಿಗಳ ಅನುಮತಿ ಪಡೆದೇ, ಅಲ್ಲಿನ ದೊಡ್ಡ ಕಂಪ್ಯೂಟರಿನೊಳಗೆ ಇಂಥ ಪ್ರೋಗ್ರಾಮನ್ನು ಬಿಟ್ಟು ನೋಡಿದ. ಪ್ರತಿ ಸಲವೂ ಒಂದು ಗಂಟೆಯೊಳಗೆ ಇಡೀ ಯಂತ್ರ ಅವನ ವಶವಾಯಿತು. ಇದಕ್ಕೆ ‘ವೈರಸ್’ ಎಂಬ ಹೆಸರನ್ನು ಸೂಚಿಸಿದವರು ಅವನ ಗುರು ಲಿಯೊನಾರ್ಡ್ ಆಡ್ಲ್‌ಮನ್. 1984ರ ತನ್ನ ಪ್ರಬಂಧದಲ್ಲಿ ಕೋಹೆನ್ ಇನ್ನೊಂದು ಮಾತನ್ನು ತರ್ಕದಿಂದ ತೋರಿಸಿಕೊಟ್ಟ: ಎಲ್ಲ ವೈರಸ್ಸುಗಳನ್ನೂ ತಪ್ಪದೆ ಹಿಡಿಯುವ ಪರೀಕ್ಷಕನನ್ನು ಮಾಡಲು ಸಾಧ್ಯವೇ ಇಲ್ಲ.

ನಾವು ಬಿ.ಎಸ್‌ಸಿ. ಮುಗಿಸಿ ಇಪ್ಪತ್ತು ವರ್ಷಗಳ ಮೇಲಾಯಿತು, ಪ್ರಮೇಯವೆಂದರೆ ಈಗಲೂ ಎದೆ ಡವಗುಟ್ಟುತ್ತದೆ. ಆದರೆ ಇದು ಮಕ್ಕಳಿಗೂ ಅರ್ಥವಾಗುವಂಥದು. ಎಂದೂ ತಪ್ಪದ ಪರೀಕ್ಷಕನೊಬ್ಬ ಇದ್ದಾನೆನ್ನಿ. ಒಬ್ಬ ಕಿಡಿಗೇಡಿ ಆ ಪರೀಕ್ಷಕನನ್ನೇ ತನ್ನ ಪ್ರೋಗ್ರಾಮಿನ ಹೊಟ್ಟೆಯೊಳಗೆ ಇಟ್ಟುಕೊಳ್ಳುತ್ತಾನೆ. ಪ್ರೋಗ್ರಾಮು ಮೊದಲು ಅವನನ್ನು ‘ನಾನು ವೈರಸ್ಸೇನು?’ ಎಂದು ಕೇಳುತ್ತದೆ. ಹೌದು ಎಂದರೆ ಏನೂ ಮಾಡದೆ ತೆಪ್ಪಗಿರುತ್ತದೆ. ಅಲ್ಲ ಎಂದರೆ ಹರಡತೊಡಗುತ್ತದೆ. ಪರೀಕ್ಷಕ ಏನು ಹೇಳಿದರೂ ಅವನ ಮಾತು ಸುಳ್ಳಾಗುತ್ತದೆ! ಅಂದರೆ ಆಂಟಿವೈರಸ್ ಎಂಬುದು ಮನೆಮನೆಯ ಸಾಮಾನಾಗುವ ಮೊದಲೇ ಅದರ ಮಿತಿ ಲೆಕ್ಕವಾಗಿ ಹೋಗಿತ್ತು.

ಹಾಗೆಂದು ಅಂಗಡಿಗಳು ತೆರೆಯದೆ ಉಳಿಯಲಿಲ್ಲ. 1987ರಲ್ಲಿ ಜಾನ್ ಮೆಕಾಫಿ ತಮ್ಮ ಕಂಪನಿ ಆರಂಭಿಸಿದರು. ತೊಂಬತ್ತರ ದಶಕದಲ್ಲಿ ಪುಣೆಯ ಕಾಟ್ಕರ್ ಸೋದರರು, ಕ್ಯಾಲ್ಕುಲೇಟರ್ ರಿಪೇರಿಯಿಂದ ಮೊದಲು ಮಾಡಿದವರು, ಕ್ವಿಕ್ ಹೀಲ್ ಕಟ್ಟಿದರು. ಇವುಗಳ ಮೂಲ ಪದ್ಧತಿ ಪೊಲೀಸ್ ಠಾಣೆಯ ಗೋಡೆಯ ಮೇಲಿನ ಫೋಟೋಗಳಂತೆ: ಸಿಕ್ಕಿಬಿದ್ದ ವೈರಸ್ಸಿನ ಗುರುತನ್ನು ದಾಖಲಿಸಿಕೊಂಡು, ಅದೇ ಮುಖ ಮತ್ತೆ ಕಂಡರೆ ಹಿಡಿಯುವುದು. ಈಗ ಮುಖ ನೋಡುವುದರ ಜೊತೆಗೆ ನಡತೆಯನ್ನೂ ಗಮನಿಸುತ್ತವೆ. ಹಿಡಿಯುವವು ನಿಜಕ್ಕೂ ಬಹಳ. ಉಳಿದುಹೋಗುವುದು ಮೊದಲ ಸಲ ಬಂದ ಕಳ್ಳ.

ಅದರ ಅನುಭವ 2000ದ ಮೇ 4ರಂದು ಜಗತ್ತಿಗೆಲ್ಲ ಆಯಿತು. ‘ಐ ಲವ್ ಯೂ’ ಎಂಬ ತಲೆಬರಹದ ಒಂದು ಈಮೇಲು ಮನಿಲಾದಿಂದ ಹೊರಟಿತು, ಜೊತೆಗೊಂದು ಪ್ರೇಮಪತ್ರ. ಪತ್ರ ತೆರೆದೊಡನೆ ವಿಳಾಸಪುಸ್ತಕದಲ್ಲಿದ್ದವರಿಗೆಲ್ಲ ಅದರ ಪ್ರತಿ ಹೋಗುತ್ತಿತ್ತು, ಮನೆಯ ಫೋಟೋಗಳು ಹಾಳಾಗುತ್ತಿದ್ದವು. ಬ್ರಿಟನ್ನಿನ ಪಾರ್ಲಿಮೆಂಟಿನವರೇ ಈಮೇಲು ನಿಲ್ಲಿಸಬೇಕಾಯಿತು. ಆಂಟಿವೈರಸ್ ಕಂಪನಿಗಳು ಕೆಲವೇ ಗಂಟೆಗಳಲ್ಲಿ ಗುರುತು ಹಂಚಿದವು, ಆದರೆ ಆ ಹೊತ್ತಿಗೆ ಬೆಂಕಿ ಊರೆಲ್ಲ ಹಬ್ಬಿತ್ತು. ಬಾಗಿಲು ತೆರೆದದ್ದು ಮನೆಯವರ ಕೈಯೇ. ಪ್ರೇಮಪತ್ರ ಬಂದರೆ ಯಾರು ತಾನೆ ತೆರೆಯುವುದಿಲ್ಲ?

ಯಾರೂ ಬಾಗಿಲು ತೆರೆಯದೆಯೇ ನುಗ್ಗಿದ್ದು 2003ರ ಆಗಸ್ಟಿನ ‘ಬ್ಲಾಸ್ಟರ್’. ಆಗ ನಾವು ಸೇವೆಗೆ ಸೇರಿ ಕೆಲವೇ ತಿಂಗಳಾಗಿತ್ತು. ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತರೆ ಪರದೆಯ ಮೇಲೆ ಅರವತ್ತರಿಂದ ಎಣಿಕೆ ಇಳಿಯತೊಡಗುವುದು, ಸೊನ್ನೆ ಮುಟ್ಟಿದೊಡನೆ ಯಂತ್ರ ಆರಿ ಮತ್ತೆ ಹೊತ್ತಿಕೊಳ್ಳುವುದು. ಒಂದು ಸಾಲು ಟೈಪು ಮಾಡುವುದರೊಳಗೆ ಮತ್ತೆ ಅದೇ. ಅದು ನುಗ್ಗುತ್ತಿದ್ದುದು ವಿಂಡೋಸ್‌ನ ಗೋಡೆಯಲ್ಲೇ ಇದ್ದ ಒಂದು ಬಿರುಕಿನಿಂದ. ಅದಕ್ಕೆ ಹಾಕುವ ತೇಪೆಯನ್ನು ಮೈಕ್ರೋಸಾಫ್ಟ್ ಜುಲೈ 16ರಂದೇ ಬಿಡುಗಡೆ ಮಾಡಿತ್ತು, ಹಾಕಿಕೊಂಡವರು ಕಡಿಮೆ. ಜಾಲದಿಂದ ಬರುವ ಅಪರಿಚಿತರನ್ನು ತಡೆಯುವ ಫೈರ್‌ವಾಲ್ ಎಂಬುದು ವಿಂಡೋಸ್ ಎಕ್ಸ್‌ಪಿಯಲ್ಲಿ ಇತ್ತಾದರೂ ಸ್ವಿಚ್ಚು ಆರಿಸಿಯೇ ಮನೆಗಳಿಗೆ ಬರುತ್ತಿತ್ತು. 2004ರ ಆಗಸ್ಟಿನಲ್ಲಿ ಬಂದ ಪರಿಷ್ಕರಣದಿಂದ ಅದು ತಾನಾಗಿಯೇ ಚಾಲೂ ಇರುವಂತಾಯಿತು.

ಇದೇ ಕಥೆ 2017ರಲ್ಲಿ ಇನ್ನೂ ಘೋರವಾಗಿ ನಡೆಯಿತು. ಅಮೆರಿಕದ ಗೂಢಚಾರ ಸಂಸ್ಥೆ ಎನ್.ಎಸ್.ಎ. ತನ್ನ ಬಳಕೆಗೆಂದು ಇಟ್ಟುಕೊಂಡಿದ್ದ ಕನ್ನಗತ್ತಿಯೊಂದು ಕಳುವಾಗಿ ಬೀದಿಗೆ ಬಿತ್ತು. ಬಿರುಕು ಮುಚ್ಚುವ ತೇಪೆ ಮಾರ್ಚ್ 14ರಂದು ಬಂದಿತ್ತು. ‘ವಾನಾಕ್ರೈ’ ನುಗ್ಗಿದ್ದು ಮೇ 12ರಂದು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಬಿತ್ತು. ಬಿಡುಗಡೆಗೆ 300 ಡಾಲರು ಕೇಳಿದರು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಸರದಿ ರದ್ದಾಯಿತು. ಎರಡು ತಿಂಗಳ ಕಾಲಾವಕಾಶವಿದ್ದೂ ಹೀಗೆ! ‘ಆಮೇಲೆ ನೆನಪಿಸು’ ಎಂಬ ಗುಂಡಿಯನ್ನು ಒತ್ತದವರು ನಮ್ಮಲ್ಲಿ ಎಷ್ಟು ಮಂದಿ? ನಮ್ಮ ಮನೆಯಲ್ಲಿಯೇ ಇರುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರಲ್ಲಿ ಆಂಟಿವೈರಸ್ ಇದೆ ಎಂದು ಆರಾಮವಾಗಿದ್ದೆವು. ಹೊಸ ಬಿರುಕುಗಳನ್ನು ಮುಚ್ಚುವವರು ಯಾರೆಂದು ಕೇಳಿಕೊಂಡಿರಲಿಲ್ಲ.

ಇನ್ನು ರಾಯರ ಮನೆಗೆ ಬರೋಣ. ಅಲ್ಲಿ ಬಿರುಕಿನ ಮಾತಿರಲಿಲ್ಲ. ಮೊಮ್ಮಗ ದುಡ್ಡು ಕೊಟ್ಟು ಕೊಳ್ಳಬೇಕಾದ ಆಟವೊಂದನ್ನು ಎಲ್ಲಿಂದಲೋ ಪುಕ್ಕಟೆಯಾಗಿ ಇಳಿಸಿಕೊಂಡಿದ್ದ. ಜೊತೆಗಿದ್ದ ಸೂಚನೆಯಲ್ಲಿ, ಆಂಟಿವೈರಸ್ಸು ಸುಮ್ಮನೆ ಅಡ್ಡ ಬರುತ್ತದೆ, ಐದು ನಿಮಿಷ ಆರಿಸಿ ಎಂದಿತ್ತಂತೆ. ಹುಡುಗ ಆರಿಸಿದ, ಆಟ ಹಾಕಿಕೊಂಡ, ವಿಧೇಯನಾದ್ದರಿಂದ ಮತ್ತೆ ಹೊತ್ತಿಸಿದ. ಹಸಿರು ಗುರುತು ಇದ್ದದ್ದು ಹಾಗೆ. ಇದನ್ನು ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ರಾಯರು ಬೈಯಲಿಲ್ಲ. “ಕಾವಲುಗಾರನ್ನ ನಾವೇ ಚಹಾ ಕುಡದು ಬಾ ಅಂತ ಕಳಿಸಿದ್ವಿ ಅಂದಂಗಾತು” ಎಂದಷ್ಟೇ ಹೇಳಿದರು.

ಹಣ ಕೊಡುವುದು ಬೇಡವೆಂದೆವು; ಕೊಟ್ಟರೂ ಬೀಗ ತೆಗೆದಾರೆಂಬ ಭರವಸೆಯಿಲ್ಲ. ಯುರೋಪಿನ ಪೊಲೀಸರೂ ಕೆಲವು ಆಂಟಿವೈರಸ್ ಕಂಪನಿಗಳೂ ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ಎಂಬಲ್ಲಿ, ಸಿಕ್ಕಿದ ಕೀಲಿಗಳನ್ನು ಉಚಿತವಾಗಿ ಕೊಡುತ್ತಾರೆ. ರಾಯರ ಬೀಗಕ್ಕೆ ಹೊಂದುವ ಕೀಲಿ ಅಲ್ಲಿ ಸಿಗಲಿಲ್ಲ. ಮುಂದೊಂದು ದಿನ ಸಿಕ್ಕೀತೆಂದು ಬೀಗ ಬಿದ್ದ ಫೈಲುಗಳನ್ನು ಹಾಗೆಯೇ ತೆಗೆದಿರಿಸಿದ್ದೇವೆ. ಹುಬ್ಬಳ್ಳಿಯ ಮಗಳಿಗೆ ಹಿಂದೊಮ್ಮೆ ಓದಲೆಂದು ಈಮೇಲಿನಲ್ಲಿ ಕಳಿಸಿದ್ದ ಮೊದಲ ಎರಡು ಅಧ್ಯಾಯಗಳು ಮಾತ್ರ ಉಳಿದವು. ವಂಶಾವಳಿ ಹೋಯಿತು. ಅದನ್ನು ಬಾಯಲ್ಲಿ ಹೇಳಿ ಬರೆಸಿದ್ದ ಅವರ ಸೋದರತ್ತೆ ಈಗಿಲ್ಲ.

ರಾಯರು ಮೂರನೆಯ ಅಧ್ಯಾಯವನ್ನು ಮತ್ತೆ ಟೈಪು ಮಾಡತೊಡಗಿದ್ದಾರೆ. ರಾತ್ರಿ ಮಲಗುವ ಮುನ್ನ ಮೊಮ್ಮಗ ಅದರ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಕೂಡಲೇ ಕಿತ್ತು, ಅಜ್ಜಿಯ ಬೀರುವಿನಲ್ಲಿ ಒಡವೆಯ ಡಬ್ಬಿಯ ಪಕ್ಕದಲ್ಲಿ ಇಡುತ್ತಾನೆ. ಯಂತ್ರಕ್ಕೆ ಸಿಕ್ಕಿಸಿಯೇ ಬಿಟ್ಟರೆ ಅದಕ್ಕೂ ಬೀಗ ಬೀಳುತ್ತದೆಂದು ಅವನಿಗೆ ಈಗ ಗೊತ್ತಿದೆ.