ಹಲ್ಲಿನ ಜೀವ, ಸುಣ್ಣದ ಕಥೆ

ನಮ್ಮ ಸೇಲಂ, ಧರ್ಮಪುರಿ ಸೀಮೆಯಲ್ಲಿ ಹಲ್ಲುನೋವಿಗೆ ಹಿರಿಯರು ಹೇಳುತ್ತಿದ್ದ ದಾರಿ ಎರಡೇ: ಲವಂಗ ಕಚ್ಚು, ಇಲ್ಲವೇ ಕೀಳಿಸಿಬಿಡು. ಹಲ್ಲು ಕಲ್ಲಿನ ಹಾಗೆ ಜಡ ಅಂತ ತಿಳಿದವರು ಈಗಲೂ ಇದ್ದಾರೆ. ಆದರೆ ಹಲ್ಲಿನೊಳಗೆ ತಿರುಳುಂಟು, ಅದರಲ್ಲಿ ರಕ್ತವೂ ನರವೂ ಉಂಟು. ಆ ಜೀವ ಉಳಿಸುವ ಪ್ರಯತ್ನಕ್ಕೆ ಎರಡೂವರೆ ಶತಮಾನದ ಚರಿತ್ರೆಯಿದೆ.

1756ರಲ್ಲಿ ಬರ್ಲಿನ್ನಿನ ದಂತವೈದ್ಯ ಫಿಲಿಪ್ ಫಾಫ್, ತೆರೆದ ತಿರುಳಿನ ಮೇಲೆ ಚಿನ್ನದ ತಗಡಿನ ಚೂರನ್ನು ಮುಚ್ಚಳದಂತೆ ಇಡುವುದನ್ನು ಬರೆದಿಟ್ಟರು. 1920ರಲ್ಲಿ ಜರ್ಮನಿಯ ಹರ್ಮನ್ ಎಂಬುವರು ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಹಲ್ಲಿನ ಚಿಕಿತ್ಸೆಗೆ ತಂದರು. ಬೇರೇನಲ್ಲ, ನಾವು ವೀಳ್ಯದೆಲೆಗೆ ಹಚ್ಚುವ ಸುಣ್ಣದ ಸಾರವೇ ಅದು. ಅದರಡಿ ತಿರುಳು ತಾನೇ ಹೊಸ ಗಟ್ಟಿ ಪದರ ಕಟ್ಟಿಕೊಳ್ಳುತ್ತದೆ. ಹಾಗಂತ ಮನೆಯ ಸುಣ್ಣ ಹಲ್ಲಿಗೆ ತುಂಬಬಾರದು, ಬಾಯಿ ಸುಟ್ಟೀತು. ಡಾಕ್ಟರು ಬಳಸೋದು ಶುದ್ಧ ಮಾಡಿದ ಔಷಧ.

1965 ಅಂದರೆ ಧರ್ಮಪುರಿ ಸೇಲಂನಿಂದ ಬೇರೆ ಜಿಲ್ಲೆಯಾದ ವರ್ಷ. ಅದೇ ವರ್ಷ ಅಮೆರಿಕದ ಕಾಕೆಹಾಶಿ ಮತ್ತು ಜೊತೆಗಾರರು ಇಲಿಗಳ ಹಲ್ಲು ಕೊರೆದು ಪರೀಕ್ಷಿಸಿದ ಫಲ ಪ್ರಕಟವಾಯಿತು. ಕ್ರಿಮಿಯೇ ಇಲ್ಲದೆ ಬೆಳೆದ ಇಲಿಗಳಲ್ಲಿ ತೆರೆದ ತಿರುಳು ವಾಸಿಯಾಯಿತು, ಮಿಕ್ಕವುಗಳಲ್ಲಿ ಸತ್ತಿತು. ತಿರುಳನ್ನು ಕೊಲ್ಲೋದು ಗಾಯವಲ್ಲ, ಕ್ರಿಮಿ ಅಂತ ಗೊತ್ತಾಯಿತು.

1978ರಲ್ಲಿ ಸ್ವೀಡನ್ನಿನ ಸ್ವೆಕ್ ಮುರಿದ ಮುಂಬಲ್ಲುಗಳಲ್ಲಿ ಮೇಲಿನ ತಿರುಳನ್ನು ಸುಮಾರು 2 ಮಿಲಿಮೀಟರಿನಷ್ಟು ಮಾತ್ರ ತೆಗೆದು, ಉಳಿದದ್ದಕ್ಕೆ ಆ ಸುಣ್ಣದ ಔಷಧವನ್ನೇ ಮುಚ್ಚಿದರು. 60 ಹಲ್ಲುಗಳಲ್ಲಿ 58 ಉಳಿದವು. 1993ರಲ್ಲಿ ಅಮೆರಿಕದ ತೊರಾಬಿನೆಜಾದ್ ತಂಡ ಎಂಟಿಎ ಎಂಬ ಹೊಸ ಪುಡಿಯನ್ನು ಹಲ್ಲಿನ ಚಿಕಿತ್ಸೆಗೆ ತಂದಿತು. ಅದರ ಮೂಲ ಪೋರ್ಟ್‌ಲ್ಯಾಂಡ್ ಸಿಮೆಂಟು. ನಮ್ಮ ಸಂಕಗಿರಿಯ ಕಾರ್ಖಾನೆಯಿಂದ ಬರುವ ಸಿಮೆಂಟಿನ ಜಾತಿಯದೇ.

ಈ ಕಥೆ ನಾನು ಮುಖ್ಯವಾಗಿ ಮೇಷ್ಟ್ರುಗಳಿಗಾಗಿ ಬರೆದೆ. ಏಳೆಂಟು ವರ್ಷದ ಮಗುವಿನ ಮುಂಬಲ್ಲು ಆಗತಾನೇ ಬಂದಿರುತ್ತದೆ. ಬೇರು ಪೂರ್ತಿ ಬೆಳೆಯಲು ಇನ್ನೂ ಮೂರು ವರ್ಷ ಬೇಕು. ತಿರುಳು ಸತ್ತರೆ ಬೇರು ಅಲ್ಲಿಗೇ ನಿಲ್ಲುತ್ತದೆ, ತೆಳ್ಳಗಿನ ಹಲ್ಲು ಮುಂದೆ ಸುಲಭವಾಗಿ ಮುರಿಯುತ್ತದೆ. ಕಿತ್ತರೆ ಮತ್ತೊಂದು ಹುಟ್ಟೋದಿಲ್ಲ. ಆದ್ದರಿಂದ ಶಾಲೆ ಅಂಗಳದಲ್ಲಿ ಮಗು ಬಿದ್ದು ಹಲ್ಲು ಮುರಿದು, ಒಳಗೆ ಕೆಂಪು ಚುಕ್ಕೆ ಕಂಡರೆ, ಮುರಿದ ಚೂರನ್ನೂ ನೀರಲ್ಲಿ ಹಾಕಿಕೊಂಡು ಅವತ್ತೇ ಹಲ್ಲಿನ ಡಾಕ್ಟರ ಬಳಿ ಕರೆದೊಯ್ಯಿರಿ. "ಕೀಳಬೇಡಿ, ಜೀವ ಉಳಿಸೋಕಾಗುತ್ತಾ ನೋಡಿ ಸ್ವಾಮಿ" ಅಂತ ಕೇಳಿರಿ.