ಎದುರಾಳಿ ಯಾರು? ಜತ್ತ ಸೀಮೆಯ ಆಟ ಮತ್ತು ಚರಿತ್ರೆ

ವಿಜಯಪುರದಿಂದ ಪಡುವಣಕ್ಕೆ, ಗುಹಾಗರದ ಕಡಲತನಕ ಹೋಗುವ ಹೆದ್ದಾರಿ ಜತ್ತದ ಮೂಲಕ ಹಾದುಹೋಗುತ್ತದೆ. ತಿಕೋಟಾ ದಾಟಿ ಮುಂದೆ ಸಾಗಿದರೆ ಒಂದು ಕಡೆ ಕರ್ನಾಟಕ ಮುಗಿದು ಮಹಾರಾಷ್ಟ್ರ ಸುರುವಾಗುತ್ತದೆ. ಅಂಗಡಿ ಹಲಗೆಗಳ ಅಕ್ಷರ ಬದಲಾಗುತ್ತದೆ, ಬಸ್ಸಿನ ಬಣ್ಣ ಬದಲಾಗುತ್ತದೆ. ಹೊಲದಲ್ಲಿ ನಿಂತ ಜೋಳ, ಸಜ್ಜೆ ಅವೇ. ಗುಡಿಕಟ್ಟೆಯ ಮೇಲೆ ಕುಳಿತವರ ಮಾತೂ ಅದೇ. ಸಾಂಗ್ಲಿ ಜಿಲ್ಲೆಯಲ್ಲಿ ವಿಸ್ತೀರ್ಣದಿಂದ ಅತಿ ದೊಡ್ಡ ತಾಲೂಕು ಜತ್ತ. ಜನ 3 ಲಕ್ಷಕ್ಕೂ ಮಿಕ್ಕು. ತನ್ನ ಜಿಲ್ಲಾ ಕೇಂದ್ರಕ್ಕಿಂತ ವಿಜಯಪುರವೇ ಈ ಊರಿಗೆ ಹತ್ತಿರ. ರೈಲು ಊರಿನ ತನಕ ಬರಲಿಲ್ಲ. ಮೀರಜ್–ಕುರ್ಡುವಾಡಿ ಸಾಲಿನ ಮೇಲೆ ದೂರದಲ್ಲಿ ‘ಜತ್ ರೋಡ್’ ಎಂಬ ನಿಲ್ದಾಣವೊಂದಿದೆ.

ಇಂಥ ಊರಿನ ಚರಿತ್ರೆಯನ್ನು ಅರಮನೆಯಿಂದ ಸುರುಮಾಡುವುದು ರೂಢಿ. ನಾನು ಸಾಲಿಯ ಮೈದಾನದಿಂದ ಸುರುಮಾಡುತ್ತೇನೆ. ಒಂದು ಊರಿನವರು ತಮ್ಮನ್ನು ಯಾರೆಂದು ತಿಳಿದುಕೊಂಡಿದ್ದಾರೆ ಎಂಬುದು, ಅವರು ಯಾರ ಎದುರು ಗೆಲ್ಲಬೇಕೆಂದು ಹಟ ತೊಡುತ್ತಾರೆ ಎಂಬುದರಿಂದ ಗೊತ್ತಾಗುತ್ತದೆ.

ಮಹಾರಾಷ್ಟ್ರದಲ್ಲಿ ಶಾಲಾ ಕ್ರೀಡೆಗಳು 14, 17, 19 ವರ್ಷದೊಳಗಿನವರು ಎಂದು ಮೂರು ಗುಂಪಿನಲ್ಲಿ ನಡೆಯುತ್ತವೆ. ಮೊದಲು ತಾಲೂಕು, ಆಮೇಲೆ ಜಿಲ್ಲೆ, ವಿಭಾಗ, ಕೊನೆಗೆ ರಾಜ್ಯ. ಮಳೆಗಾಲದ ನಡುವೆ ತಾಲೂಕು ಪಂದ್ಯಗಳು ಬಂದಾಗ ಕಬಡ್ಡಿ, ಖೋ-ಖೋಗಳಿಗೆ ಹಳ್ಳಿಹಳ್ಳಿಯ ಹೈಸ್ಕೂಲು ಹುಡುಗರು, ಹುಡುಗಿಯರು ಟೆಂಪೊ ತುಂಬಿ ಬರುತ್ತಾರೆ. ಉಮದಿ, ಸಂಖ, ಬಿಳೂರ, ಮಾಡಗ್ಯಾಳ ಕಡೆಯ ಹುಡುಗರು ತಮ್ಮತಮ್ಮಲ್ಲಿ ಕೂಗಾಡುವುದು ಕನ್ನಡದಲ್ಲಿ. ಶೇಗಾಂವ, ಡಫಳಾಪುರದ ಕಡೆಯವರು ಮರಾಠಿಯಲ್ಲಿ. ಪಂಚರು ಅಂಕ ಹೇಳುವುದೂ ಮರಾಠಿಯಲ್ಲೇ. ಇದರಿಂದ ಯಾರಿಗೂ ತೊಡಕಿಲ್ಲ. ರೈಡಿಗೆ ಹೋದವನ ಕಾಲು ಹಿಡಿಯಲು ವ್ಯಾಕರಣ ಬೇಕಿಲ್ಲ. ಆ ದಿನದ ಮಟ್ಟಿಗೆ ಎದುರಾಳಿ ಎಂದರೆ ನೆರೆಯ ಊರು. ಬೀಗರ ಊರೇ ಎದುರು ಬಂದರೆ ಹಟ ಇನ್ನೂ ಹೆಚ್ಚು.

ತಾಲೂಕು ಗೆದ್ದ ತಂಡ ಜಿಲ್ಲೆಗೆ ಹೋದಾಗ ಲೆಕ್ಕ ಬದಲಾಗುತ್ತದೆ. ಅಲ್ಲಿ ಎದುರು ನಿಲ್ಲುವವರು ವಾಳವಾ, ಪಲೂಸ, ಮೀರಜದ ಕಡೆಯ ಮಕ್ಕಳು. ಕೃಷ್ಣೆಯ ದಂಡೆಯವರು, ಕಬ್ಬಿನ ಸೀಮೆಯವರು, ಒಳ್ಳೆಯ ಮೈದಾನ, ತರಬೇತಿ ಇದ್ದವರು. ನಿನ್ನೆಯತನಕ ಉಮದಿಯವನು, ಬಿಳೂರವನು ಎಂದಿದ್ದ ಹುಡುಗ ಅಲ್ಲಿ ಬರೀ ‘ಜತ್ತದವನು’. ಬರದ ತಾಲೂಕಿನವನು. ರಾಜ್ಯ ಮಟ್ಟಕ್ಕೆ ಏರಿದರೆ ಅವನೇ ಸಾಂಗ್ಲಿಯವನು. ಎದುರಾಳಿ ಬದಲಾದಂತೆ ‘ನಾವು’ ಎಂಬ ಮಾತಿನೊಳಗೆ ಹಿಡಿಸುವ ಜನ ಬದಲಾಗುತ್ತಾರೆ. ಜತ್ತದ ಮುನ್ನೂರೈವತ್ತು ವರ್ಷಗಳ ಚರಿತ್ರೆಯಲ್ಲಿ ನನಗೆ ಮತ್ತೆ ಮತ್ತೆ ಕಾಣುವುದು ಇದೇ.

ಆದಿಲಶಾಹಿಯ ಕಾಲದಲ್ಲಿ ಈ ಸೀಮೆಯ ದೇಶಮುಖಿ ಚವ್ಹಾಣ ಮನೆತನದ ಕೈಯಲ್ಲಿತ್ತು; ಡಫಳಾಪುರದಿಂದಾಗಿ ಅವರಿಗೆ ಡಫಳೆ ಎಂಬ ಅಡ್ಡಹೆಸರು ನಿಂತಿತು. ಮನೆತನದ ಮೂಲಪುರುಷ ಸತವಾಜಿರಾವ ವಿಜಯಪುರದ ಸುಲ್ತಾನರ ಸರದಾರ. ಅವನ ಕಾಲದಲ್ಲೇ, 1673ರ ಏಪ್ರಿಲ್‌ನಲ್ಲಿ, ಜತ್ತದ ಹತ್ತಿರದ ಉಮರಾಣಿಯಲ್ಲಿ ಶಿವಾಜಿಯ ಸೇನಾಪತಿ ಪ್ರತಾಪರಾವ ಗುಜರ ಆದಿಲಶಾಹಿ ಸೇನಾನಿ ಬಹಲೋಲ ಖಾನನ ದಂಡನ್ನು ಸುತ್ತುವರಿದ. ಪ್ರತಾಪರಾವ ಮೊದಲು ಮಾಡಿದ ಕೆಲಸ ದಂಡಿಗೂ ನೀರಿಗೂ ನಡುವಿನ ದಾರಿ ಕಟ್ಟಿದ್ದು. ಬೇಸಗೆಯ ಬಿಸಿಲಲ್ಲಿ ಆನೆ, ಕುದುರೆ, ಆಳುಗಳು ಬಾಯಾರಿ ಬಸವಳಿದರು. ಖಾನ ಶರಣಾಗತನಾಗಿ ದಾರಿ ಬೇಡಿದ. ಈ ನೆಲದಲ್ಲಿ ನೀರು ಯಾರ ಕೈಲಿದೆಯೋ ಗೆಲವು ಅವರದು ಎಂಬುದಕ್ಕೆ ಅದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

ಮುಂದೆ ಜತ್ತ ಸಾತಾರೆಯ ಛತ್ರಪತಿಗಳ ಜಹಗೀರಾಯಿತು. 1848ರಲ್ಲಿ ಸಾತಾರೆಯನ್ನು ಬ್ರಿಟಿಷರು ನುಂಗಿದ ಮೇಲೆ ಅವರ ಅಧೀನದ ಸಂಸ್ಥಾನವಾಯಿತು. ಆಮೇಲೆ ಜತ್ತ, ಡಫಳಾಪುರ ಎರಡನ್ನೂ ನೋಡಿಕೊಳ್ಳುವ ಕೆಲಸ ಬ್ರಿಟಿಷರು ವಹಿಸಿದ್ದು ವಿಜಯಪುರದ ಕಲೆಕ್ಟರನಿಗೆ. ಮರಾಠಿ ರಾಜಮನೆತನ, ದಫ್ತರಿನಲ್ಲಿ ಮರಾಠಿ, ಮೂಡಣ ಹಳ್ಳಿಗಳಲ್ಲಿ ಕನ್ನಡ, ಮೇಲುಸ್ತುವಾರಿ ವಿಜಯಪುರದ್ದು: ಈ ಏರ್ಪಾಡಿನಲ್ಲಿ ಎರಡು ತಲೆಮಾರು ಕಳೆದವು. 1917ರಲ್ಲಿ ಡಫಳಾಪುರವೂ ಜತ್ತಕ್ಕೆ ಸೇರಿತು. 1948ರ ಮಾರ್ಚ್ 8ರಂದು ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮರುವರ್ಷ ಹುಟ್ಟಿದ ದಕ್ಷಿಣ ಸಾತಾರಾ ಜಿಲ್ಲೆಗೆ ಜತ್ತ ಹೋಯಿತು. ಆ ಜಿಲ್ಲೆಗೆ 1960ರಲ್ಲಿ ಸಾಂಗ್ಲಿ ಎಂದು ಹೆಸರಾಯಿತು. ನಡುವೆ 1956ರ ನವೆಂಬರ್ 1ರಂದು ವಿಜಯಪುರ, ಬೆಳಗಾವಿ ಎರಡೂ ಮೈಸೂರು ರಾಜ್ಯಕ್ಕೆ ಬಂದವು. ಜತ್ತ ಉಳಿದಲ್ಲೇ ಉಳಿಯಿತು. ಸಂತೆಗೆ ಹೋಗುತ್ತಿದ್ದ ಊರು, ಹೆಣ್ಣು ಕೊಟ್ಟ ಊರು ಒಂದು ರಾತ್ರಿಯಲ್ಲಿ ಹೊರರಾಜ್ಯವಾದವು. ನ್ಯಾಯಮೂರ್ತಿ ಮೆಹರಚಂದ ಮಹಾಜನರ ಆಯೋಗ 1967ರಲ್ಲಿ ಜತ್ತದ ಹಲವು ಹಳ್ಳಿಗಳನ್ನು ಮೈಸೂರಿಗೆ ಸೇರಿಸಬೇಕೆಂದು ಹೇಳಿತು. ಆ ವರದಿ ಜಾರಿಯಾಗಲಿಲ್ಲ.

ಆದರೆ ರಾಜ್ಯದ ಗೆರೆ ಎಳೆದವರಿಗೆ ಸಿಗದ ಒಂದು ನಂಟು ಈ ಸೀಮೆಯಲ್ಲಿ ಉಳಿಯಿತು. ಅದು ಮಣ್ಣಿನ ಕಣದ್ದು. ಕೊಲ್ಲಾಪುರದ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನ ಕುಸ್ತಿಗೆ ಕಾಶಿ ಇದ್ದಂತೆ. ಅಲ್ಲಿಗೆ ಕನ್ನಡ ಸೀಮೆಯ ಪೈಲ್ವಾನರು ತಾಲೀಮಿಗೆ ಹೋಗುವುದು ತಲೆಮಾರುಗಳ ದಾರಿ. 1959ರಲ್ಲಿ ಮೊದಲ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆ ಹುಟ್ಟಿದ್ದು ಚಿಕ್ಕೋಡಿ ತಾಲೂಕಿನ ಎಕ್ಸಂಬಾದಲ್ಲಿ. ಬೆಳೆದದ್ದು ಕೊಲ್ಲಾಪುರದ ತಾಲೀಮಿನಲ್ಲಿ. ಅದೇ ವರ್ಷ ಮಹಾರಾಷ್ಟ್ರ ಕೇಸರಿಯೂ ಅವರೇ. ಅವರನ್ನು ಯಾವ ರಾಜ್ಯದವರೆಂದು ಕೇಳಿ ಯಾರೂ ಗದೆ ಕೊಡಲಿಲ್ಲ. ಸಾಂಗ್ಲಿ ಜಿಲ್ಲೆಯ ಕವಠೇ ಪಿರಾನದ ಮಾರುತಿ ಮಾನೆ 1962ರ ಜಕಾರ್ತಾ ಏಷ್ಯನ್ ಕ್ರೀಡೆಯಲ್ಲಿ ಚಿನ್ನ ತಂದರು. ಜತ್ತದ ಯಲ್ಲಮ್ಮನ ಜಾತ್ರೆಯಿಂದ ಹಿಡಿದು ಸಣ್ಣ ಹಳ್ಳಿಯ ಉರುಸಿನತನಕ ಕುಸ್ತಿ ನೋಡಲು ಕೂಡುವ ಜನಕ್ಕೆ ಇಬ್ಬರೂ ನಮ್ಮವರೇ.

ಆ ತಾಲೀಮುಗಳೇ ಕೊಲ್ಲಾಪುರದಲ್ಲಿ ಮುಂದೆ ಫುಟ್‌ಬಾಲಿಗೆ ಹೊರಳಿದ ಕತೆಯನ್ನು ಇಲ್ಲಿ ಹೇಳಲೇಬೇಕು. ದೇಶದಲ್ಲಿ ಕಲ್ಕತ್ತೆ, ಗೋವೆ, ಕೇರಳದ ಹೆಸರು ಕೇಳುವವರಿಗೆ ಕೊಲ್ಲಾಪುರ ಬೇಗ ನೆನಪಾಗದು. ಅಲ್ಲಿ 1940ರಿಂದ ಕೊಲ್ಲಾಪುರ ಸ್ಪೋರ್ಟ್ಸ್ ಅಸೋಸಿಯೇಷನ್ ಇದೆ, ಶಾಹೂ ಸ್ಟೇಡಿಯಂ ಇದೆ, ಲೀಗ್ ಬಂತೆಂದರೆ ಪೇಟೆಪೇಟೆಗೆ ಜ್ವರ ಏರುತ್ತದೆ. ಪಾಟಾಕಡಿಲ ತಾಲೀಮ, ದಿಲಬಹಾರ ತಾಲೀಮ, ಖಂಡೋಬಾ ತಾಲೀಮ, ಬಾಲಗೋಪಾಲ ತಾಲೀಮ: ಹೆಸರಿನಲ್ಲೆಲ್ಲ ಗರಡಿಮನೆ, ಕಾಲಲ್ಲಿ ಚೆಂಡು. ಶಿವಾಜಿ ಪೇಟೆಯವನು ಮಂಗಳವಾರ ಪೇಟೆಯವನನ್ನು ಎದುರಿಸುವ ಬಿಸಿ, ಹೈಸ್ಕೂಲು ಹುಡುಗರ ಪಂದ್ಯಕ್ಕೂ ಇಳಿದು ಬರುತ್ತದೆ. ಸಾಲಿಯ ತಂಡದಲ್ಲಿ ಮಿಂಚಿದವನನ್ನು ತಾಲೀಮಿನವರು ಕರೆದುಕೊಳ್ಳುತ್ತಾರೆ. 2017ರಲ್ಲಿ ನಮ್ಮ ದೇಶದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಭಾರತದ ಪರ ಆಡಿದ ಅನಿಕೇತ ಜಾಧವ ಕೊಲ್ಲಾಪುರದವರು. ಹಳೆಯ ಕೊಲ್ಲಾಪುರದಲ್ಲಿ ಪೇಟೆಯ ಗುರುತು ಕಸುಬಿನಿಂದ, ಜಾತಿಯಿಂದ ಬರುತ್ತಿತ್ತು. ಈಗ ಅದಕ್ಕೆ ಜರ್ಸಿಯ ಬಣ್ಣವೂ ಸೇರಿದೆ, ಮತ್ತು ಆ ಬಣ್ಣದ ಕೆಳಗೆ ಬೇರೆ ಬೇರೆ ಜಾತಿಯ, ಧರ್ಮದ ಹುಡುಗರು ಒಟ್ಟಿಗೆ ನಿಲ್ಲುತ್ತಾರೆ. ಜಗಳಗಳೂ ಆಗಿವೆ, ಆದರೂ ಆಟ ಒಂದು ಊರಿನ ಗುರುತನ್ನು ಹೇಗೆ ಅಗಲ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗಿಲ್ಲ.

ಜತ್ತ ಫುಟ್‌ಬಾಲಿನ ಊರಾಗಲಿಲ್ಲ. ಅದೇ ವಿಶ್ವಕಪ್ಪಿನ ಮುಂಚೆ, 2017ರ ಸೆಪ್ಟೆಂಬರ್ 15ರಂದು, ರಾಜ್ಯದ 10 ಲಕ್ಷ ಮಕ್ಕಳು ಒಂದೇ ದಿನ ಫುಟ್‌ಬಾಲ್ ಆಡಬೇಕೆಂದು ಮಹಾರಾಷ್ಟ್ರ ಸರಕಾರ ಶಾಲೆಗಳಿಗೆ ಚೆಂಡು ಹಂಚಿತು. ಒಳ್ಳೆಯ ಯೋಚನೆಯೇ. ಆದರೆ ಫುಟ್‌ಬಾಲಿಗೆ ಅಗಲವಾದ, ಸಮನಾದ, ಹುಲ್ಲಿನ ನೆಲ ಬೇಕು. ಹುಲ್ಲಿಗೆ ನೀರು ಬೇಕು. ಕುಡಿಯಲು ಟ್ಯಾಂಕರಿನ ದಾರಿ ಕಾಯುವ ಹಳ್ಳಿ ಮೈದಾನಕ್ಕೆ ಎಲ್ಲಿಂದ ನೀರು ತಂದೀತು? ಕಬಡ್ಡಿಗೆ, ಖೋ-ಖೋಗೆ ಹದವಾದ ಮಣ್ಣು, ಎರಡು ಕಂಬ, ಸುಣ್ಣದ ಗೆರೆ ಸಾಕು. ನಮ್ಮ ಮಕ್ಕಳು ಆ ಆಟಗಳಲ್ಲಿ ಉಳಿದದ್ದಕ್ಕೆ ಪರಂಪರೆಯಷ್ಟೇ ಬಡತನವೂ ಕಾರಣ.

ಇನ್ನೊಂದು ಸಂಗತಿ ಇದಕ್ಕೂ ಕಠಿಣ. ದೀಪಾವಳಿಯ ಹೊತ್ತಿಗೆ ಜತ್ತದ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಕಬ್ಬು ಕಡಿಯುವ ಗ್ಯಾಂಗುಗಳು ಕೃಷ್ಣೆ, ವಾರಣೆಯ ಸೀಮೆಗೆ, ಕೊಲ್ಲಾಪುರದ ಕಾರಖಾನೆಗಳ ಕಡೆಗೆ ಹೊರಡುತ್ತವೆ. ಅಪ್ಪ-ಅವ್ವನ ಜೋಡಿ ಮಕ್ಕಳೂ ಹೋಗುತ್ತಾರೆ. ಅಜ್ಜಿಯ ಹತ್ತಿರ ಉಳಿದವರು ದನ, ಕುರಿ, ಮನೆ ನೋಡಿಕೊಳ್ಳಬೇಕು. ತಂಡದ ಒಳ್ಳೆಯ ರೈಡರ್ ಆ ಹೊತ್ತಿಗೆ ಯಾವುದೋ ಹೊಲದಲ್ಲಿ ಕಬ್ಬಿನ ಸೋಗೆ ಸವರುತ್ತಿರಬಹುದು. ಪಂದ್ಯದಲ್ಲಿ ಅವನ ಎದುರು ಆಡಬೇಕಾದ ಹುಡುಗನ ಅಪ್ಪನೇ ಆ ಹೊಲದ ಮಾಲಕನಾಗಿರಲೂಬಹುದು. ಜಿಲ್ಲಾ ಮಟ್ಟದಲ್ಲಿ ಜತ್ತದ ಮಕ್ಕಳು ಎದುರಿಸುವ ಎದುರಾಳಿಯ ಬಲ ಆಟದ ಗೆರೆಯ ಆಚೆಗೇ ಇದೆ.

ನೀರಾವರಿಯ ಮಾತು ಬಾರದೆ ಜತ್ತದ ಯಾವ ಮಾತೂ ಮುಗಿಯುವುದಿಲ್ಲ. ಮೀರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರು ಎತ್ತಿ ಹಂತಹಂತವಾಗಿ ಮೂಡಣಕ್ಕೆ ತರುವ ಯೋಜನೆ ತಾಲೂಕಿನ ಒಂದು ಭಾಗಕ್ಕೆ ಮುಟ್ಟಿತು. ಅಲ್ಲಿ ದ್ರಾಕ್ಷಿ, ದಾಳಿಂಬೆ ಬಂದವು. ಮೂಡಣದ ಕನ್ನಡ ಹಳ್ಳಿಗಳು ಕಾಲುವೆಯ ದಾರಿ ಕಾಯುತ್ತಲೇ ಉಳಿದವು. 2012ರಲ್ಲಿ ಅಲ್ಲಿನ ನಲವತ್ತಕ್ಕೂ ಹೆಚ್ಚು ಹಳ್ಳಿಗಳು, ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಎಂದು ಠರಾವು ಮಾಡಿದವು. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಆ ಠರಾವಿನ ಮಾತೆತ್ತಿದಾಗ ಎರಡೂ ರಾಜ್ಯಗಳ ರಾಜಧಾನಿಗಳು ಕುದಿದವು. ಅದೇ ದಿನಗಳಲ್ಲಿ ಕರ್ನಾಟಕದ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ತಿಕ್ಕುಂಡಿಯ ಕೆರೆಗೆ ಬಂತು. ವಿಸ್ತರಿತ ಮ್ಹೈಸಾಳ ಯೋಜನೆಗೆ ಮುಂಬಯಿಯಲ್ಲಿ ಅವಸರದಿಂದ ಮಂಜೂರಾತಿಯೂ ಸಿಕ್ಕಿತು. ಹೊರಗಿನವರು ಇದನ್ನು ಕನ್ನಡ–ಮರಾಠಿಯ ಪಂದ್ಯವೆಂದು ನೋಡಿದರು. ಊರಿನವರು ಕೇಳಿದ್ದು ನೀರು. ಆ ಬೇಡಿಕೆಯಲ್ಲಿ ಮರಾಠಿ ಮಾತಾಡುವ ರೈತನೂ ಕನ್ನಡ ಮಾತಾಡುವ ರೈತನ ಪಕ್ಕದಲ್ಲೇ ನಿಂತಿದ್ದ.

ಹಾಗೆಂದು ನುಡಿಯ ಪ್ರಶ್ನೆ ಸಣ್ಣದೆಂದು ನಾನು ಹೇಳಲಾರೆ. 12ನೆಯ ಶತಮಾನದ ಶರಣೆ ದಾನಮ್ಮ ಹುಟ್ಟಿದ್ದು ಇದೇ ಉಮರಾಣಿಯಲ್ಲಿ, ನೆಲೆಯಾದದ್ದು ಗುಡ್ಡಾಪುರದಲ್ಲಿ. ಛಟ್ಟಿ ಅಮಾವಾಸ್ಯೆಗೆ ವಿಜಯಪುರದ ಕಡೆಯಿಂದ ಸಾವಿರಾರು ಜನ ಅಲ್ಲಿಗೆ ಪಾದಯಾತ್ರೆ ಹೋಗುತ್ತಾರೆ. ಕನ್ನಡ ಇಲ್ಲಿಗೆ ಹೊರಗಿನಿಂದ ಬಂದ ಮಾತಲ್ಲ. ತಾಲೂಕಿನಲ್ಲಿ ಸಾಂಗ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಪ್ರಾಥಮಿಕ ಶಾಲೆಗಳು ನೂರಕ್ಕೂ ಮಿಕ್ಕಿವೆ. ಪುಣೆಯ ಬಾಲಭಾರತಿ ಅವುಗಳಿಗೆ ಕನ್ನಡದಲ್ಲೇ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಅದು ಮಹಾರಾಷ್ಟ್ರದ ದೊಡ್ಡತನ, ಒಪ್ಪಿಕೊಳ್ಳಲೇಬೇಕು. ಆದರೆ 2024ರಲ್ಲಿ ಈ ಶಾಲೆಗಳಿಗೆ ಕನ್ನಡ ಬಾರದ, ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದಾಗ ಪಾಲಕರು ಬೀದಿಗಿಳಿಯಬೇಕಾಯಿತು. ಒಂದನೇ ಇಯತ್ತೆಯ ಕೂಸಿಗೆ ಮಾಸ್ತರರ ಮಾತೇ ತಿಳಿಯದಿದ್ದರೆ ಪುಸ್ತಕ ಯಾವ ನುಡಿಯಲ್ಲಿದ್ದರೇನು? ನುಡಿ ಕಟ್ಟಿಹಾಕಿದ ಮಗು ಹೈಸ್ಕೂಲಿಗೆ ಬರುವಷ್ಟರಲ್ಲಿ ಹಿಂದೆ ಬಿದ್ದಿರುತ್ತದೆ. ಹಲವು ಮಕ್ಕಳು ಹೈಸ್ಕೂಲಿಗೆ ಬರುವುದೇ ಇಲ್ಲ. ಆಮೇಲೆ ತಂಡದ ಮಾತೆಲ್ಲಿ!

ಈಚೆಗೆ ಜತ್ತ ಪೇಟೆಯ ಚಹರೆ ಬದಲಾಗುತ್ತಿದೆ. ಹೆದ್ದಾರಿ ಅಗಲವಾಗಿದೆ, ಇಂಗ್ಲಿಷ್ ಮಾಧ್ಯಮದ ಹಲಗೆಗಳು ಏಳುತ್ತಿವೆ, ಉಳ್ಳವರ ಮಕ್ಕಳು ಕನ್ನಡ, ಮರಾಠಿ ಎರಡೂ ಶಾಲೆ ಬಿಟ್ಟು ಅತ್ತ ನಡೆದಿದ್ದಾರೆ. ಸಂಸ್ಥಾನದ ಊರು, ಬರದ ಊರು, ಗಡಿಯ ಊರು ಎಂಬ ಗುರುತುಗಳ ಮೇಲೆ ಇನ್ನೊಂದು ಗುರುತು ಬೆಳೆಯುತ್ತಿದೆ: ಹಳ್ಳಿಯ ಸರಕಾರಿ ಸಾಲಿಯ ಮಕ್ಕಳು ಒಂದು ಕಡೆ, ಪೇಟೆಯ ಖಾಸಗಿ ಶಾಲೆಯ ಮಕ್ಕಳು ಇನ್ನೊಂದು ಕಡೆ. ಮುಂದಿನ ಪೈಪೋಟಿ ಇವರಿಬ್ಬರ ನಡುವಿನದು ಎಂದು ನನಗನಿಸುತ್ತದೆ, ಮತ್ತು ಅದು ನೆರೆಹಳ್ಳಿಗಳ ಹಟದಷ್ಟು ಸಮಬಲದ್ದಾಗಿರುವುದಿಲ್ಲ.

ಸಾಂಗ್ಲಿ ಜಿಲ್ಲಾ ಪರಿಷತ್ತಿಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಜತ್ತದ ಕನ್ನಡ ಶಾಲೆಗಳಿಗೆ ಕನ್ನಡ ಬಲ್ಲ ಶಿಕ್ಷಕರನ್ನೇ ಕೊಡಿ. ಕಬ್ಬು ಕಡಿಯಲು ಹೋಗುವವರ ಮಕ್ಕಳು ಊರಲ್ಲೇ ಉಳಿದು ಕಲಿಯಲು, ಆಡಲು ಹಂಗಾಮಿ ವಸತಿ ಶಾಲೆಗಳನ್ನು ದೀಪಾವಳಿಗೆ ಮುಂಚೆಯೇ ತೆರೆಯಿರಿ. ವಿಸ್ತರಿತ ಮ್ಹೈಸಾಳದ ನೀರು ಮೂಡಣ ಹಳ್ಳಿಗಳಿಗೆ ಬಂದ ದಿನ ಪ್ರತಿ ಹೈಸ್ಕೂಲಿಗೂ ಒಂದು ಮೈದಾನದ ಪಾಲು ತೆಗೆದಿಡಿ. ಬೆಂಗಳೂರಿನಲ್ಲಿ ಕುಳಿತು ಜತ್ತ ನಮ್ಮದು ಎನ್ನುವವರಿಗೂ ಒಂದು ಮಾತು: ಹಕ್ಕು ಕೇಳುವ ಮುಂಚೆ ಉಮದಿ, ಸಂಖದ ಒಂದು ಕನ್ನಡ ಸಾಲಿಗೆ ಹೋಗಿ ಬನ್ನಿ, ಆ ಮಕ್ಕಳಿಗೆ ಏನು ಬೇಕೆಂದು ಕೇಳಿ, ಅದನ್ನು ಕಳಿಸಿಕೊಡಿ.